ಗಾಜಿನ ಮೇಲಿನ ಹೆಬ್ಬೆರಳ ಗುರುತು

ದಾವಣಗೆರೆಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದಾಗ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಪದರಕ್ಕೆ ಗಾಳಿ ತಾಗಬಾರದೆಂದು ಫ್ಯಾನ್ ನಿಲ್ಲಿಸಿದ್ದ ಪ್ರಯೋಗಾಲಯದಲ್ಲಿ ನಾನು ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದೆ. ಥರ್ಮಾಕೋಲಿನ ಮೂಲವಸ್ತುವಾದ ಪಾಲಿಸ್ಟೈರೀನ್ ಮತ್ತು ಅಕ್ರಿಲಿಕ್ ಹಾಳೆಯ ಪಿಎಂಎಂಎ, ಇವೆರಡನ್ನೂ ಸಮತೂಕದಲ್ಲಿ ಟಾಲ್ವೀನಿನಲ್ಲಿ ಕರಗಿಸಿ, ಗಿರಗಿರನೆ ತಿರುಗುವ ಗಾಜಿನ ತುಂಡಿನ ಮೇಲೆ ಹನಿಸಿದರೆ, ದ್ರಾವಕ ಬೇಗನೆ ಆರಿ ತೆಳುಪದರವೊಂದು ಉಳಿಯುತ್ತದೆ.

ಮೂರನೆಯ ಗಾಜನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಎದೆ ಧಸಕ್ಕೆಂದಿತು. ಎಲ್ಲೆಡೆ ಎರಡು ವಸ್ತುಗಳು ಬೇರ್ಪಟ್ಟು ಮೂಡಿದ ಒಂದೇ ಬಗೆಯ ಸಣ್ಣ ದ್ವೀಪಗಳಿದ್ದರೆ, ಒಂದು ಮೂಲೆಯಲ್ಲಿ ಮಾತ್ರ ಅವು ಹಿರಿದಾಗಿ, ಬಾಗಿದ ಗೆರೆಗಳಗುಂಟ ಸಾಲುಗಟ್ಟಿದ್ದವು. ಮೇಡಂ ಬಗ್ಗಿ ನೋಡಿದವರೇ, “ಗಾಜನ್ನ ಬರಿಗೈಲಿ ಹಿಡಿದಿದ್ದೆಯೇನಮ್ಮ?” ಎಂದರು. ಆ ಗೆರೆಗಳು ನನ್ನದೇ ಹೆಬ್ಬೆರಳಿನ ಜಿಡ್ಡು.

ಪಾಲಿಮರುಗಳ, ಅಂದರೆ ಉದ್ದ ಸರಪಳಿಯ ಅಣುಗಳು ಬೆರೆತರೆ ಸಿಗುವ ಎಂಟ್ರೊಪಿಯ (ಅಣುಗಳ ಅಸ್ತವ್ಯಸ್ತತೆಯ ಅಳತೆ) ಲಾಭ ತೀರ ಅಲ್ಪವಾದ್ದರಿಂದ, ಅವುಗಳ ನಡುವಿನ ಹೊಂದಾಣಿಕೆಯ ಕಿಂಚಿತ್ ಕೊರತೆಯೂ ಮಿಶ್ರಣವನ್ನು ಎರಡು ಪ್ರಾವಸ್ಥೆಗಳಾಗಿ, ಅಂದರೆ ಬೇರೆ ಬೇರೆ ಭಾಗಗಳಾಗಿ, ಒಡೆಯಲು ಸಾಕು ಎಂಬುದನ್ನು ಪಾಲಿಮರುಗಳ ಬೆರೆಯುವಿಕೆಯನ್ನು ವಿವರಿಸುವ ಫ್ಲೋರಿ–ಹಗಿನ್ಸ್ ಸಿದ್ಧಾಂತದಲ್ಲಿ ಓದಿದ್ದೆ. ಆದರೆ ಗಾಜನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಧ್ರುವೀಯವಾದ (ಅಣುವಿನಲ್ಲಿ ವಿದ್ಯುದಾವೇಶ ಅಸಮವಾಗಿ ಹಂಚಿರುವ) ಪಿಎಂಎಂಎ ಶುದ್ಧ ಗಾಜಿಗೆ ಅಂಟಿಕೊಳ್ಳುತ್ತದೆ. ಮೇಲ್ಮೈ ಎಳೆತ ಒಂದಿಷ್ಟು ಕಡಿಮೆಯಿರುವ ಪಾಲಿಸ್ಟೈರೀನ್ ಗಾಳಿಯ ಕಡೆಗೆ ಸರಿಯುತ್ತದೆ. ಮಿಶ್ರಣದ ಒಡಲಿನಲ್ಲಿ ಈ ಬೇರ್ಪಡುವಿಕೆಗೆ ನಿಶ್ಚಿತ ದಿಕ್ಕಿಲ್ಲ. ಮೇಲ್ಮೈಯ ಹತ್ತಿರವಾದರೋ ಅದು ಒಂದರ ಹಿಂದೊಂದು ಪದರವಾಗಿ, ಮೇಲ್ಮೈಗೆ ಸಮಾಂತರವಾಗಿ, ಅಲೆಯಂತೆ ಒಳಕ್ಕೆ ಸಾಗುತ್ತದೆ. 1991ರಲ್ಲಿ ಜೋನ್ಸ್, ಕ್ರೇಮರ್ ಮತ್ತು ಸಂಗಡಿಗರು ಬೇರೊಂದು ಪಾಲಿಮರ್ ಜೋಡಿಯಲ್ಲಿ ಇದನ್ನು ಅಳೆದು ತೋರಿಸಿದ್ದರು. ಆ ಪ್ರಬಂಧವನ್ನು ಅಂದು ರಾತ್ರಿಯೇ ಓದಿದೆ, ಮೊದಲೇ ಓದಬೇಕಿತ್ತು.

ಮರುದಿನ ಒಂದೇ ಗಾಜಿನ ಅರ್ಧಭಾಗಕ್ಕೆ ಸಿಲೇನ್ ಎಂಬ ರಾಸಾಯನಿಕ ಹಚ್ಚಿ, ಜಿಡ್ಡು ಹತ್ತಿದ ಗಾಜಿನಂತೆ ನೀರು ಹಿಡಿಯದಂತೆ ಮಾಡಿ, ಉಳಿದರ್ಧವನ್ನು ಚೊಕ್ಕಟವಾಗಿಯೇ ಬಿಟ್ಟು, ಚಿಮುಟದಲ್ಲಿ ಹಿಡಿದು ಪದರ ಹಚ್ಚಿದೆ. ಆಮೇಲೆ ಅಸಿಟಿಕ್ ಆಮ್ಲದಲ್ಲಿ ಅದ್ದಿದೆ. ಅದು ಪಿಎಂಎಂಎಯನ್ನು ಕರಗಿಸುತ್ತದೆ, ಪಾಲಿಸ್ಟೈರೀನನ್ನು ಮುಟ್ಟುವುದಿಲ್ಲ. ವಿನೆಗರಿನ ಘಾಟು ಮೂಗಿಗೆ ಹೊಡೆಯುತ್ತಿರುವಾಗಲೇ, ಚೊಕ್ಕಟ ಅರ್ಧದಿಂದ ಪಾಲಿಸ್ಟೈರೀನಿನ ಚೂರುಗಳು ಕಳಚಿ ತೇಲತೊಡಗಿದವು, ಏಕೆಂದರೆ ಅವುಗಳ ಕಾಲಡಿಯ ಪಿಎಂಎಂಎ ಕರಗಿಹೋಗಿತ್ತು. ಸಿಲೇನ್ ಹಚ್ಚಿದ ಕಡೆ ದ್ವೀಪಗಳು ಇದ್ದಲ್ಲಿಯೇ ಗಾಜನ್ನು ಕಚ್ಚಿ ನಿಂತಿದ್ದವು.

ಹೆಬ್ಬೆರಳ ಗುರುತಿನ ಗಾಜನ್ನು ಎಸೆಯಲು ಮೇಡಂ ಬಿಡಲಿಲ್ಲ. ದಿನಾಂಕ ಬರೆದು ಡಬ್ಬಿಯಲ್ಲಿಟ್ಟೆ.