ಇಂಗ್ಲೆಂಡಿಗೆ ಹೋದ ಮೇಲೂ ಡೈವಿಂಗಾ?

“ಇಂಗ್ಲೆಂಡಿಗೆ ಹೋದ ಮೇಲೂ ಡೈವಿಂಗ್ ಮಾಡ್ತೀಯಾ? ಆ ಚಳೀಲಿ ನೀರಿಗೆ ಇಳಿದ್ರೆ ಏನು ಕಾಣುತ್ತೆ?”

ಊರಿಗೆ ಫೋನ್ ಮಾಡಿದರೆ ಇದು. ಇಲ್ಲಿನ ಕನ್ನಡದವರ ಹಬ್ಬದ ಊಟಕ್ಕೆ ಹೋದರೆ ಇದು. ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕೇರಳದ ಹುಡುಗಿ ಕೂಡ ಮೊನ್ನೆ ಇದನ್ನೇ ಕೇಳಿದಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಮುಂದೆ ಕೇಳಿದವರಿಗೆಲ್ಲ ಕಳಿಸಿಬಿಡಬಹುದು.

ಹೌದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ಆಳಕ್ಕೆ ಇಳಿಯುವ ಈ ಡೈವಿಂಗ್ ಇಲ್ಲೂ ಮಾಡುತ್ತೇನೆ. ಊರಲ್ಲಿದ್ದಾಗ ಮಾಡುತ್ತಿದ್ದುದಕ್ಕಿಂತ ಜಾಸ್ತಿ ಮಾಡುತ್ತೇನೆ. ನೋಡುವುದಕ್ಕೆ ಬೇಕಾದಷ್ಟಿದೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಹೊನ್ನಾವರದ ಕಡೆಯವಳು. ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಆಚೆ ಇರುವ ದ್ವೀಪ ಅದು. ನೀರು 28 ಡಿಗ್ರಿ ಆಸುಪಾಸು ಇರುತ್ತದೆ. ಒಳ್ಳೆಯ ದಿನ ಸಿಕ್ಕರೆ ಕೆಳಗಿನ ಬಂಡೆ ದೋಣಿಯಿಂದಲೇ ಕಾಣುತ್ತದೆ. ಈಗ ಇರುವುದು ಲೆಸ್ಟರ್‌ನಲ್ಲಿ. ಬ್ರಿಟನ್ನಿನಲ್ಲಿ ಸಮುದ್ರಕ್ಕೆ ಅತಿ ದೂರದ ಜಾಗ ಕಾಟನ್ ಇನ್ ದಿ ಎಲ್ಮ್ಸ್ ಎಂಬ ಹಳ್ಳಿ. ಎತ್ತ ಹೋದರೂ ಅಲ್ಲಿಂದ ಕಡಲು ಕಡಿಮೆ ಅಂದರೂ ಸುಮಾರು 113 ಕಿಲೋಮೀಟರ್. ಆ ಹಳ್ಳಿ ಇರುವುದು ನಮ್ಮ ಪಕ್ಕದ ಜಿಲ್ಲೆಯಲ್ಲೇ. ಹೀಗಾಗಿ ನಾನು ಹೆಚ್ಚಿನ ಶನಿವಾರ ಇಳಿಯುವುದು ಸಮುದ್ರಕ್ಕಲ್ಲ, ಕ್ವಾರಿಗೆ. ಸ್ಟೋನಿ ಕೋವ್ ಅಂತ. ಹಿಂದೆ ಗ್ರಾನೈಟ್ ತೆಗೆಯುತ್ತಿದ್ದರು, ಕೆಲಸ ನಿಂತ ಮೇಲೆ ಊಟೆ ನೀರು ತುಂಬಿಕೊಂಡಿತು. ಆಳ 35 ಮೀಟರ್‌ವರೆಗೆ ಇದೆ.

“ಕ್ವಾರಿ” ಅಂದ ತಕ್ಷಣ ಅಮ್ಮ ಫೋನಿನಲ್ಲೇ ಹೆದರಿದಳು. ಅವಳ ಹೆದರಿಕೆಗೆ ಕಾರಣ ಇದೆ. ಬೇಸಿಗೆ ಬಂತೆಂದರೆ ನಮ್ಮ ಕಡೆ ಪೇಪರಿನಲ್ಲಿ ಆ ಸುದ್ದಿ ಬರುತ್ತದೆ, ಕಲ್ಲುಕ್ವಾರಿಯಲ್ಲಿ ಈಜಲು ಹೋದ ಹುಡುಗರು ಅಂತ. ಬೇಲಿ ಇಲ್ಲ, ಬೋರ್ಡ್ ಇಲ್ಲ, ಎಷ್ಟು ಆಳ ಅಂತ ಯಾರಿಗೂ ಗೊತ್ತಿಲ್ಲ. ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಇಲ್ಲಿ ಗೇಟಿದೆ, ಇಳಿಯುವ ಮೊದಲು ಸರ್ಟಿಫಿಕೇಟ್ ತೋರಿಸಬೇಕು, ನೀರಿನ ಒಳಗೆ ಎಲ್ಲಿ ಎಷ್ಟು ಆಳ ಅಂತ ನಕ್ಷೆ ಇದೆ, ಒಬ್ಬಳೇ ಇಳಿಯುವುದಿಲ್ಲ. ಅವಳು ಎರಡೆರಡು ಸಲ ಕೇಳಿದಳು, ನಾನೂ ಎರಡೆರಡು ಸಲ ಹೇಳಿದೆ. ಅಮ್ಮನಿಗೆ ಹೇಳುವುದಕ್ಕೆ ನನಗೆ ಬೇಜಾರಿಲ್ಲ.

ಬೇಜಾರು ಬೇರೆಯವರ ಮೇಲೆ. ಹೋದ ದೀಪಾವಳಿ ಊಟಕ್ಕೆ ಒಂದು ಹಾಲ್‌ನಲ್ಲಿ ಸೇರಿದ್ದೆವು. ಎದುರಿಗೆ ಕೂತ ಹಿರಿಯರೊಬ್ಬರು, “ಇನ್ನೂ ಆ ಹುಚ್ಚು ಬಿಟ್ಟಿಲ್ವೇನಮ್ಮಾ?” ಅಂದರು. ಬಿಟ್ಟಿಲ್ಲ ಅಂದೆ. “ಮಾಲ್ಡೀವ್ಸಿಗೆ ಹೋಗಿ ಇಳಿ, ಬಣ್ಣ ಬಣ್ಣದ ಮೀನು ಕಾಣುತ್ತೆ. ಇಲ್ಲಿ ಏನಿದೆ, ಕೆಸರು” ಅಂದರು. ಅದನ್ನೂ ಸಹಿಸಿಕೊಂಡೆ. ಆಮೇಲೆ ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿ, “ಅದ್ ಹೇಗ್ರೀ ಬಿಡ್ತೀರಾ ನೀವು ಇವಳನ್ನ?” ಅಂತ ಕೇಳಿದರು. ಅವನು ಹೋಳಿಗೆ ತಿನ್ನುತ್ತಿದ್ದ. “ನಾನು ಬಿಡೋದು ಏನಿದೆ, ಅವಳೇ ಕಾರು ತಗೊಂಡು ಹೋಗ್ತಾಳೆ” ಅಂದ. ಸರಿಯಾಗಿಯೇ ಹೇಳಿದ. ನನ್ನ ಗಂಡ ಬೇಸಿಗೆಯ ಶನಿವಾರಗಳಲ್ಲಿ ಕ್ರಿಕೆಟ್ ಆಡುತ್ತಾನೆ. ಎರಡು ವರ್ಷದ ಹಿಂದೆ ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿಯಲು ಹೋಗಿ ಬೆರಳು ಮುರಿದುಕೊಂಡ. ಹೇಗೆ ಬಿಟ್ಟೆ ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಕ್ಯಾಚ್ ಸಿಕ್ಕಿತಾ ಅಂತ.

ಹುಚ್ಚು ಅನ್ನುವ ಮಾತು ನನಗೆ ಸೇರುವುದಿಲ್ಲ. ವಾರಪೂರ್ತಿ ದುಡಿದವಳು ರಜೆಯ ದಿನ ತನಗೆ ಇಷ್ಟವಾದದ್ದನ್ನು ಶಿಸ್ತಾಗಿ ಕಲಿತು ಮಾಡಿದರೆ ಅದು ಹುಚ್ಚಲ್ಲ. ನನ್ನ ಬಗ್ಗೆ ಗಂಡನನ್ನು ಕೇಳುವುದೂ ಬೇಡ. ನಾನು ಅಲ್ಲೇ ಎದುರಿಗೆ ಕೂತಿರುತ್ತೇನೆ.

ಇನ್ನು “ಏನು ಕಾಣುತ್ತೆ” ಅನ್ನುವುದಕ್ಕೆ ಬರೋಣ.

ಸ್ಟೋನಿ ಕೋವ್‌ನಲ್ಲಿ ಪೈಕ್ ಅನ್ನುವ ಮೀನಿದೆ. ಉದ್ದ ಮೂತಿ, ಹಸಿರು ಮೈ, ಮೈಮೇಲೆ ತಿಳಿ ಚುಕ್ಕೆ. ಕಲ್ಲಿನ ಪಕ್ಕ ಅಲುಗದೆ ನಿಂತಿರುತ್ತದೆ. ನೀವು ಹತ್ತಿರ ಹೋದರೂ ಕಣ್ಣು ಮಾತ್ರ ತಿರುಗಿಸುತ್ತದೆ. ಪಟ್ಟೆ ಪಟ್ಟೆಯ ಪರ್ಚ್ ಮೀನುಗಳು ಗುಂಪಾಗಿ ಬರುತ್ತವೆ. ಕೆಳಗೆ ಸ್ಟೇನ್‌ಗಾರ್ತ್ ಅನ್ನುವ ಹಳೆಯ ಟಗ್, ಅಂದರೆ ಬೇರೆ ಹಡಗುಗಳನ್ನು ಎಳೆಯುವ ಹಡಗು ಇದೆ. 2000ದಲ್ಲಿ ಡೈವರ್‌ಗಳಿಗೆಂದೇ ಅದನ್ನು ಮುಳುಗಿಸಿದರು.

ಸಮುದ್ರ ಬೇಕೆಂದರೆ ಕಾರು ಓಡಿಸಬೇಕು, ಓಡಿಸುತ್ತೇವೆ. ನಾರ್ತಂಬರ್‌ಲ್ಯಾಂಡ್ ಕರಾವಳಿಯ ಫಾರ್ನ್ ದ್ವೀಪಗಳಲ್ಲಿ ಸೀಲ್‌ಗಳಿವೆ. ಅವುಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಸುಮ್ನೆ ಒಂದು ಕಡೆ ನಿಂತರೆ ಅವೇ ಹಿಂದಿನಿಂದ ಬಂದು ಕಾಲಿಗೆ ಹಾಕಿದ ಈಜುರೆಕ್ಕೆ (ಫಿನ್) ಕಚ್ಚಿ ಎಳೆಯುತ್ತವೆ. ತಿರುಗಿದರೆ ಓಡಿಹೋಗುತ್ತವೆ, ಮತ್ತೆ ಬರುತ್ತವೆ. ಸ್ಕಾಟ್ಲೆಂಡಿನ ಗಡಿ ದಾಟಿದ ಕೂಡಲೇ ಸೇಂಟ್ ಆಬ್ಸ್ ಇದೆ. ಅಲ್ಲಿ ಬಂಡೆಗಳ ತುಂಬ ಬಿಳಿ ಮತ್ತು ಕಿತ್ತಳೆ ಬಣ್ಣದ ಮೆದು ಹವಳ. ಬಿರುಕಿನೊಳಗೆ ವುಲ್ಫ್ ಫಿಶ್ ಕೂತಿರುತ್ತದೆ, ಸುಕ್ಕು ಮುಖ, ದೊಡ್ಡ ಹಲ್ಲು. ಬಣ್ಣ ಇಲ್ಲ ಅನ್ನುವವರು ಅಲ್ಲಿ ಒಂದು ಟಾರ್ಚ್ ಹಿಡಿದು ನೋಡಬೇಕು. ಆಳಕ್ಕೆ ಹೋದಂತೆ ಕೆಂಪು ಮೊದಲು ಕಣ್ಮರೆಯಾಗುತ್ತದೆ, ಅದು ನೇತ್ರಾಣಿಯಲ್ಲೂ ಹಾಗೇ. ಬೆಳಕು ಬಿಟ್ಟರೆ ಎಲ್ಲ ವಾಪಸ್ ಬರುತ್ತದೆ.

ಇನ್ನೂ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ಸ್ಕಾಪಾ ಫ್ಲೋ. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ 74 ಯುದ್ಧನೌಕೆಗಳನ್ನು ಅಲ್ಲಿ ಹಿಡಿದಿಟ್ಟಿದ್ದರು. ಬ್ರಿಟಿಷರ ಕೈಗೆ ಸಿಗಬಾರದು ಅಂತ 1919ರ ಜೂನ್ 21ರಂದು ಜರ್ಮನ್ ಅಡ್ಮಿರಲ್ ಫಾನ್ ರಾಯ್ಟರ್ ತಮ್ಮ ಹಡಗುಗಳನ್ನು ತಾವೇ ಮುಳುಗಿಸಲು ಹೇಳಿದ. 52 ಮುಳುಗಿದವು. ಆಮೇಲೆ ಗುಜರಿಗೆಂದು ಹೆಚ್ಚಿನವನ್ನು ಎತ್ತಿದರು. ಮೂರು ದೊಡ್ಡ ಯುದ್ಧನೌಕೆಗಳೂ ನಾಲ್ಕು ಕ್ರೂಸರ್‌ಗಳೂ ಇನ್ನೂ ತಳದಲ್ಲಿವೆ. ನಾನು ಇನ್ನೂ ಅಲ್ಲಿಗೆ ಹೋಗಿಲ್ಲ. ಆಳ ಜಾಸ್ತಿ, ಅದಕ್ಕೆ ಬೇಕಾದ ತರಬೇತಿ ಮಾಡಿಕೊಳ್ಳುತ್ತಿದ್ದೇನೆ. ಇದನ್ನೆಲ್ಲ ಬಿಟ್ಟು ಮಾಲ್ಡೀವ್ಸಿಗೇ ಹೋಗು ಅಂದರೆ ಹೇಗೆ?

ಚಳಿಯ ಮಾತು. ಚಳಿ ಇದೆ, ಸುಳ್ಳು ಹೇಳುವುದಿಲ್ಲ. ಫೆಬ್ರವರಿಯಲ್ಲಿ ಕ್ವಾರಿಯ ನೀರು ಐದಾರು ಡಿಗ್ರಿ. ಅದಕ್ಕೇ ಡ್ರೈಸೂಟ್ ಇರುವುದು. ನೇತ್ರಾಣಿಯಲ್ಲಿ ಹಾಕುವ ವೆಟ್‌ಸೂಟ್‌ನಲ್ಲಿ ನೀರು ಒಳಗೆ ಬರುತ್ತದೆ. ಡ್ರೈಸೂಟ್‌ನಲ್ಲಿ ಬರುವುದಿಲ್ಲ. ಕುತ್ತಿಗೆಗೂ ಮಣಿಕಟ್ಟಿಗೂ ಬಿಗಿಯಾದ ರಬ್ಬರ್ ಪಟ್ಟಿ, ಒಳಗೆ ದಪ್ಪ ಉಣ್ಣೆಯಂಥ ಬಟ್ಟೆ. ಕೆಳಗೆ ಹೋದಂತೆ ನೀರಿನ ಒತ್ತಡಕ್ಕೆ ಸೂಟು ಮೈಗೆ ಹಿಂಡಿಕೊಳ್ಳುತ್ತದೆ. ಆಗ ಎದೆಯ ಮೇಲಿನ ಗುಂಡಿ ಒತ್ತಿದರೆ ಸಿಲಿಂಡರಿನ ಗಾಳಿ ಒಳಗೆ ಬರುತ್ತದೆ. ಮೇಲೆ ಬರುವಾಗ ಆ ಗಾಳಿ ಹಿಗ್ಗುತ್ತದೆ, ತೋಳಿನ ವಾಲ್ವ್‌ನಿಂದ ಬಿಡಬೇಕು. ಬಿಡದೆ ಗಾಳಿ ಕಾಲಿನ ಕಡೆ ಸೇರಿತೋ, ಕಾಲು ಮೇಲೆ, ತಲೆ ಕೆಳಗೆ. ಹಾಗಾಗಿ ಊರಿನ ಸರ್ಟಿಫಿಕೇಟ್ ಇದ್ದರೂ ಇಲ್ಲಿ ಡ್ರೈಸೂಟ್ ಬೇರೆಯಾಗಿ ಕಲಿಯಬೇಕು. ಕಲಿತೆ.

ಈ ಸೂಟಿನ ಜಿಪ್ ಇರುವುದು ಬೆನ್ನಿನ ಮೇಲೆ, ಒಂದು ಭುಜದಿಂದ ಇನ್ನೊಂದು ಭುಜಕ್ಕೆ. ನನ್ನದಂತೂ ಹಾಗೇ. ಅದನ್ನು ನಾನೇ ಹಾಕಿಕೊಳ್ಳಲು ಆಗುವುದಿಲ್ಲ. ಇನ್ನೊಬ್ಬರು ಹಿಂದೆ ನಿಂತು, ಬಟ್ಟೆ ಸಿಕ್ಕಿಕೊಳ್ಳದಂತೆ ಬೆರಳಿನಿಂದ ಒಳಗೆ ತಳ್ಳುತ್ತಾ, ಕೊನೆಯವರೆಗೆ ಎಳೆದು, ಪೂರ್ತಿ ಮುಚ್ಚಿತಾ ಅಂತ ನೋಡಬೇಕು. ಒಂದಿಂಚು ಬಿಟ್ಟರೂ ಐದು ಡಿಗ್ರಿಯ ನೀರು ಬೆನ್ನಿಗೆ ಇಳಿಯುತ್ತದೆ.

ಈ ಜಿಪ್ ಯಾರು ಹಾಕುತ್ತಾರೆ, ನಿನ್ನ ಜೊತೆ ಯಾರು ಇಳಿಯುತ್ತಾರೆ ಅಂತ ಯಾರಾದರೂ ಕೇಳಿದ್ದರೆ ನಾನು ಒಂದು ಗಂಟೆ ಖುಷಿಯಿಂದ ಮಾತಾಡುತ್ತಿದ್ದೆ. ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ.

ನೇತ್ರಾಣಿಯಲ್ಲಿ ನಾನು ಗಿರಾಕಿ. ಸಿಲಿಂಡರ್ ಜೋಡಿಸಿ ಕೊಡುತ್ತಿದ್ದರು, ಹೊರಿಸುತ್ತಿದ್ದರು, ನೀರಿನಲ್ಲಿ ಮುಂದೆ ಹೋಗಿ ದಾರಿ ತೋರಿಸುತ್ತಿದ್ದರು. ಆ ಹುಡುಗರು ತುಂಬಾ ಚೆನ್ನಾಗಿ ನೋಡಿಕೊಂಡರು, ನೀರಿನ ಹೆದರಿಕೆ ಬಿಡಿಸಿದ್ದು ಅವರೇ. ಇಲ್ಲಿ ನಾನು ಕ್ಲಬ್ಬಿನ ಸದಸ್ಯೆ. 1953ರಲ್ಲಿ ಶುರುವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬಿಗೆ ದೇಶದ ತುಂಬ ಶಾಖೆಗಳಿವೆ. ನಮ್ಮ ಶಾಖೆಯಲ್ಲಿ ಕಲಿಸುವವರು ಯಾರೂ ಸಂಬಳ ತೆಗೆದುಕೊಳ್ಳುವುದಿಲ್ಲ. ವಾರದಲ್ಲಿ ಒಂದು ರಾತ್ರಿ ಈಜುಕೊಳದಲ್ಲಿ ಅಭ್ಯಾಸ. ದೋಣಿ ಕ್ಲಬ್ಬಿನದು, ತೊಳೆಯುವವರು ನಾವು. ಉಬ್ಬರ ಇಳಿತದ ಪಟ್ಟಿ ನೋಡಿ ಲೆಕ್ಕ ಹಾಕುವವರೂ ನಾವೇ. ಈ ಲೆಕ್ಕ ಮುಖ್ಯ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಉಬ್ಬರ ಒಂದೆರಡು ಮೀಟರ್, ಇಲ್ಲಿ ಬ್ರಿಸ್ಟಲ್ ಚಾನೆಲ್ ಅನ್ನುವ ಕಡಲಿನ ಚಾಚಿನಲ್ಲಿ 14 ಮೀಟರ್‌ವರೆಗೆ ಹೋಗುತ್ತದೆ. ಸೆಳೆತ ನಿಲ್ಲುವ ಹೊತ್ತು ನೋಡಿಕೊಂಡೇ ಇಳಿಯಬೇಕು.

ನನ್ನ ಜೊತೆ ಹೆಚ್ಚಾಗಿ ಇಳಿಯುವವರಿಗೆ ಅರವತ್ತು ದಾಟಿದೆ. ಬಸ್ ಓಡಿಸುತ್ತಿದ್ದರು, ಈಗ ರಿಟೈರ್ ಆಗಿದ್ದಾರೆ. ಮಾತು ಕಡಿಮೆ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ ನಾಲ್ಕು ಗಂಟೆಗೇ ಕತ್ತಲಾಗುತ್ತಿತ್ತು. ಲ್ಯಾಬ್ ಬಿಟ್ಟರೆ ಮನೆ, ಮನೆ ಬಿಟ್ಟರೆ ಲ್ಯಾಬ್. ಆಸ್ಪತ್ರೆಯ ಹೊರಗೆ ನನ್ನ ಹೆಸರು ಹಿಡಿದು ಕರೆಯುವವರು ಗಂಡನನ್ನು ಬಿಟ್ಟು ಯಾರೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬರು ಪ್ರತಿ ಶನಿವಾರ ಎದುರಿಗೆ ನಿಂತು, ನನ್ನ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಗಾಳಿ ತೆರೆದಿದೆಯಾ ಅಂತ ಕೇಳಿ, ಎಷ್ಟು ಗಾಳಿ ಇದೆ ಅಂತ ನನ್ನ ಮೀಟರ್ ನೋಡಿ, ತನ್ನದನ್ನು ತೋರಿಸುತ್ತಿದ್ದರು. ಇಳಿದ ಮೊದಲ ಐದು ನಿಮಿಷ ನಾನು ಗಾಳಿ ಜಾಸ್ತಿ ಎಳೆಯುತ್ತೇನೆ ಅನ್ನುವುದು ನನ್ನ ಮನೆಯವರಿಗೆ ಗೊತ್ತಿಲ್ಲ, ಅವರಿಗೆ ಗೊತ್ತು.

ಒಂದು ಜನವರಿಯಲ್ಲಿ 20 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ನನ್ನ ರೆಗ್ಯುಲೇಟರ್ ಹೆಪ್ಪುಗಟ್ಟಿತು. ಸಿಲಿಂಡರಿನ ಒತ್ತಿದ ಗಾಳಿ ಹೊರಗೆ ಬರುವಾಗ ಹಿಗ್ಗಿ ತುಂಬಾ ತಣ್ಣಗಾಗುತ್ತದೆ. ಸುತ್ತಲಿನ ನೀರೂ ತಣ್ಣಗಿದ್ದರೆ ಒಳಗೆ ಮಂಜು ಕಟ್ಟಿ ವಾಲ್ವ್ ಮುಚ್ಚುವುದೇ ಇಲ್ಲ. ಚಳಿ ನೀರಿಗೆಂದೇ ಮಾಡಿದ ರೆಗ್ಯುಲೇಟರ್‌ಗೂ ಒಮ್ಮೊಮ್ಮೆ ಹೀಗಾಗುತ್ತದೆ. ಬಾಯಿಗೆ ಗಾಳಿ ಭರ್ರೆಂದು ನುಗ್ಗಿತು, ಗುಳ್ಳೆ ಬಿಟ್ಟು ಏನೂ ಕಾಣಲಿಲ್ಲ. ಹೀಗೇ ಬಿಟ್ಟರೆ ಕೆಲವೇ ನಿಮಿಷದಲ್ಲಿ ಸಿಲಿಂಡರ್ ಖಾಲಿ. ಆ ಗುಳ್ಳೆಗಳ ನಡುವೆ ನನ್ನ ಜೊತೆಗಾರರ ಇನ್ನೊಂದು ರೆಗ್ಯುಲೇಟರ್, ಹಳದಿಯದು, ನನ್ನ ಮುಖದ ಮುಂದೆ ಬಂತು. ಅವರ ಇನ್ನೊಂದು ಕೈ ನನ್ನ ಭುಜದ ಪಟ್ಟಿ ಹಿಡಿದಿತ್ತು. ಈಜುಕೊಳದಲ್ಲಿ ಎಷ್ಟು ಸಲ ಮಾಡಿದ್ದೆವೋ ಹಾಗೇ ಬದಲಾಯಿಸಿಕೊಂಡೆ, ಉಸಿರಾಡಿದೆ. ನಾನು ಸರಿಯಾಗಿದ್ದೇನಾ ಅಂತ ಕೈಸನ್ನೆಯಲ್ಲಿ ಕೇಳಿದರು. ಸರಿ ಅಂದೆ. ನಿಧಾನವಾಗಿ ಮೇಲೆ ಬಂದೆವು, 6 ಮೀಟರ್‌ನಲ್ಲಿ ಮೂರು ನಿಮಿಷ ನಿಂತೆವು ಕೂಡ, ಅವರ ಸಿಲಿಂಡರಿನಲ್ಲಿ ಇಬ್ಬರಿಗೂ ಸಾಕಾಗುವಷ್ಟು ಗಾಳಿ ಇತ್ತು.

ದಡಕ್ಕೆ ಬಂದ ಮೇಲೆ ನಾನು ಥ್ಯಾಂಕ್ಸ್ ಅಂದೆ. “ನಿನ್ನ ಫ್ಲಾಸ್ಕ್ ಎಲ್ಲಿ?” ಅಂದರು. ನಾನು ಮನೆಯಿಂದ ಮೆಣಸಿನ ಸಾರು ತೆಗೆದುಕೊಂಡು ಹೋಗುತ್ತೇನೆ, ಡೈವ್ ಮುಗಿದ ಮೇಲೆ ಇಬ್ಬರೂ ಕುಡಿಯುತ್ತೇವೆ. ಈಗ ಕ್ಲಬ್ಬಿನ ಅರ್ಧ ಜನಕ್ಕೆ ಅದು ಬೇಕು, ದೊಡ್ಡ ಫ್ಲಾಸ್ಕ್ ಕೊಂಡಿದ್ದೇನೆ.

ಪರದೇಶದಲ್ಲಿ ಡೈವಿಂಗ್ ಮುಂದುವರಿಸಿದ್ದು ಯಾಕೆ ಅಂದರೆ ಇದಕ್ಕೆ. ಮೀನು ಇದೆ, ಹಡಗು ಇದೆ, ಎಲ್ಲ ಸರಿ. ಆದರೆ ಇಲ್ಲಿ ನನ್ನ ಜೀವದ ಜವಾಬ್ದಾರಿ ಹೊತ್ತ ಮೊದಲ ಜನ ಇವರು, ಅವರ ಜೀವದ ಜವಾಬ್ದಾರಿ ನನಗೂ ಇದೆ. ಹೊಸಬರು ಬಂದರೆ ಅವರ ಜಿಪ್ ನಾನು ಹಾಕುತ್ತೇನೆ.

ರಜೆಗೆ ಊರಿಗೆ ಬಂದಾಗ ನೇತ್ರಾಣಿಗೆ ಹೋಗ್ತೀಯಾ ಅಂತಲೂ ಕೇಳುತ್ತೀರಿ. ಹೋಗುತ್ತೇನೆ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಬಂದ್, ಹಾಗಾಗಿ ನಾನು ಜುಲೈಯಲ್ಲಿ ಬರದೆ ಡಿಸೆಂಬರಿನಲ್ಲಿ ಬರುತ್ತೇನೆ. ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆಯಾಗದಿರಲಿ ಅಂತ ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತಲು ಕಡಿಮೆ ಅಂದರೂ 18 ಗಂಟೆ ಬಿಡಬೇಕು. ಘಟ್ಟ ಹತ್ತಿ 900 ಮೀಟರ್ ಎತ್ತರದ ಬೆಂಗಳೂರಿಗೆ ಹೋಗುವುದೂ ಇದೆಯಲ್ಲ. ಅದಕ್ಕೇ ನೇತ್ರಾಣಿಯನ್ನು ರಜೆಯ ಮೊದಲ ವಾರದಲ್ಲೇ ಮುಗಿಸುತ್ತೇನೆ. ಆ ದಿನ ಮದುವೆ, ನಾಮಕರಣ ಅಂತ ಕರೆಯಬೇಡಿ.

ಇಂಗ್ಲೆಂಡಿನಲ್ಲೇ ಇದ್ದು ಓದುತ್ತಿರುವವರಿಗೆ: ಊರಲ್ಲಿ ಕಲಿತ ಸರ್ಟಿಫಿಕೇಟ್ ಇಲ್ಲೂ ನಡೆಯುತ್ತದೆ, ಅದಕ್ಕೆ ಎಕ್ಸ್‌ಪೈರಿ ಇಲ್ಲ. ಬಿಟ್ಟು ಬಹಳ ದಿನ ಆಗಿದ್ದರೆ ಈಜುಕೊಳದಲ್ಲಿ ಒಮ್ಮೆ ನೆನಪು ಮಾಡಿಕೊಂಡರಾಯಿತು. ಡ್ರೈಸೂಟ್ ಮೊದಲೇ ಕೊಳ್ಳಬೇಡಿ, ಬಾಡಿಗೆಗೆ ತಗೊಳ್ಳಿ, ಆಮೇಲೆ ಸೆಕೆಂಡ್ ಹ್ಯಾಂಡ್ ನೋಡಿ. ಏನೂ ಗೊತ್ತಿಲ್ಲದವರಿಗೂ ನಮ್ಮ ಕ್ಲಬ್ಬಿನಲ್ಲಿ ಟ್ರೈ ಡೈವ್ ಇದೆ. ಕಿಟ್ ನಾವು ಕೊಡುತ್ತೇವೆ. ಈಜುಡುಗೆಯೂ ಟವಲ್ಲೂ ತಂದರೆ ಸಾಕು.