ಅವಳು ಹೇಳಿದ್ದು ಅದಲ್ಲ

"ಇಲ್ಲಿ ಕೆಲಸ ಮಾಡೋಕೆ ತುಂಬಾ ಖುಷಿ ಅಂತಿದ್ದಾಳೆ ಮೇಡಂ" ಎಂದರು ಯೂನಿಟ್ ಮ್ಯಾನೇಜರ್.

ಎದುರಿಗೆ ಕೂತಿದ್ದ ಹುಡುಗಿ ಹೇಳಿದ್ದು ಅದಲ್ಲ. ಅವಳು ಮಣಿಕಟ್ಟಿನ ಮೇಲೆ ಬೆರಳು ತಟ್ಟಿದಳು. ಕೈಯನ್ನು ಬಾಯಿಯ ಹತ್ತಿರ ತಂದಳು. ಹೆಬ್ಬೆರಳು, ತೋರುಬೆರಳು ಜೋಡಿಸಿ 'ಇಷ್ಟೇ ಇಷ್ಟು' ಎಂದು ತೋರಿಸಿದಳು. ಆಮೇಲೆ ಸೊಂಟ ಹಿಡಿದುಕೊಂಡು ಮುಖ ಕಿವುಚಿದಳು. ಊಟಕ್ಕೆ ಟೈಮ್ ಸಾಲಲ್ಲ, ಕೂತು ಕೂತು ಸೊಂಟ ನೋಯುತ್ತೆ.

ಅವಳ ಸನ್ನೆ ನನಗೆ ಅರ್ಥವಾಗಿದ್ದು ತಮ್ಮನಿಂದ. ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸಲ್ಲ. ಮನೆಯಲ್ಲಿ ನಾವೆಲ್ಲ ಮಾತಿಗಿಂತ ಜಾಸ್ತಿ ಕೈಯಲ್ಲೇ ಜಗಳ ಆಡಿಕೊಂಡು ಬೆಳೆದವರು.

ನಾನು ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಕಂಪನಿ ಕಾಯ್ದೆಯ ಪ್ರಕಾರ ನಮ್ಮಂಥ ಕಂಪನಿಗಳು ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಕೊಡಬೇಕಲ್ವಾ, ಆ ಹಣವನ್ನು ಈ ಸಲ ಅಂಗವಿಕಲರಿಗೆ ಕೆಲಸ ಕೊಡುವ ಸಂಸ್ಥೆಗಳಿಗೆ ಕೊಡೋಣ ಎಂದು ತೀರ್ಮಾನವಾಯಿತು. ಎರಡು ಸಂಸ್ಥೆ ನೋಡಿ ಬರಲು ನನ್ನನ್ನು ಕಳಿಸಿದರು. ಕೈಗೆ ಒಂದು ಫಾರಂ ಕೊಟ್ಟರು. ಘನತೆ, ಸಮಾನತೆ, ಸ್ವಾವಲಂಬನೆ ಎಂದು ಮೂರು ಸಾಲು. ಪ್ರತಿಯೊಂದಕ್ಕೂ ಐದರಲ್ಲಿ ಎಷ್ಟು ಅಂಕ ಎಂದು ಬರೆಯಬೇಕು.

ಮೊದಲು ಹೋಗಿದ್ದು ಹೆಣ್ಣೂರು ದಾಟಿ ಸಿಗುವ ಒಂದು ಯೂನಿಟ್‌ಗೆ. ಪೇಪರ್ ಬ್ಯಾಗ್, ಬಣ್ಣ ಹಚ್ಚಿದ ಹಣತೆ, ಹಬ್ಬದ ಗಿಫ್ಟ್ ಬಾಕ್ಸ್. ಮೂವತ್ತು ಜನರಲ್ಲಿ ಹೆಚ್ಚಿನವರು ಕಿವಿ ಕೇಳದವರು. ಮ್ಯಾನೇಜರ್ ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಸನ್ನೆ ಭಾಷೆ ಬರುತ್ತಿದ್ದದ್ದೇ ಅಷ್ಟು. ಊಟ, ನೀರು, ಬೇಗ, ನಿಧಾನ, ಚೆನ್ನಾಗಿದೆ. ಆದರೆ ಮೂವತ್ತು ಜನ ದಿನವಿಡೀ ಮಾತಾಡುವ ಭಾಷೆ ಅಲ್ಲಿನ ಆಫೀಸಿನಲ್ಲಿ ಒಬ್ಬರಿಗೂ ಬರಲ್ಲ ಅಂದರೆ? ಸೊಂಟ ನೋವನ್ನು ಆ ಹುಡುಗಿ ಯಾರಿಗೆ ಹೇಳಬೇಕು? ನನಗಿಂತ ಮೊದಲು ನೋಡಲು ಬಂದವರಿಗೆಲ್ಲ 'ಖುಷಿ' ಎಂದೇ ತಲುಪಿರಬೇಕು.

ಸಂಬಳದ ಪುಸ್ತಕ ಕೇಳಿದೆ. ನನ್ನ ಕಸುಬೇ ಅದು. ಸಂಬಳ ಎಂಬ ಪದವೇ ಅದರಲ್ಲಿ ಇರಲಿಲ್ಲ, 'ಗೌರವಧನ' ಎಂದಿತ್ತು. ಮೂರು ವರ್ಷದಿಂದ ಇರುವವರನ್ನೂ 'ತರಬೇತಿಯಲ್ಲಿದ್ದಾರೆ' ಎಂದು ಬರೆದಿದ್ದರು. ತರಬೇತಿ ಎಂದು ಬರೆದು ಪಿಎಫ್ ಕಟ್ಟಿಲ್ಲ, ಕಾಯಿಲೆ ಬಿದ್ದಾಗ ನೆರವಾಗುವ ಇಎಸ್‌ಐ ವಿಮೆಯನ್ನೂ ಕಟ್ಟಿಲ್ಲ. ಇಎಸ್‌ಐಗೆ ಬೇರೆಯವರ ಸಂಬಳದ ಮಿತಿ 21,000 ರೂಪಾಯಿ ಆಗಿದ್ದಾಗಲೂ ಅಂಗವಿಕಲರಿಗೆ ಅದನ್ನು 25,000 ಇಟ್ಟಿದ್ದು ಅವರಿಗೆ ಜಾಸ್ತಿ ಆಸರೆ ಬೇಕು ಎಂದೇ. ಆ ಆಸರೆ ಇವರ ಹೆಸರಿಗೆ ಬರಲೇ ಇಲ್ಲ. ಕಾನೂನಿನಲ್ಲೂ ಒಂದು ಹಳೇ ಗಾಯ ಇತ್ತು. 2025ರಲ್ಲಿ ರದ್ದಾದ 1948ರ ಕನಿಷ್ಠ ವೇತನ ಕಾಯ್ದೆಯ 26ನೇ ಸೆಕ್ಷನ್ ತೆಗೆದು ಓದಿ. ಅಂಗವಿಕಲ ಕೆಲಸಗಾರರಿಗೆ ಈ ಕಾಯ್ದೆ ಅನ್ವಯಿಸಲ್ಲ ಎಂದು ಸರ್ಕಾರ ಆದೇಶ ಮಾಡಬಹುದು ಎಂದು ಅಲ್ಲಿ ಬರೆದಿತ್ತು. ಮೊದಲ ಸಲ ಓದಿದಾಗ ಆ ಪುಟ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಹೊರಡುವಾಗ ಮ್ಯಾನೇಜರ್ ಹೆಮ್ಮೆಯಿಂದ ಇನ್ನೊಂದು ಮಾತು ಹೇಳಿದರು. "ಐದು ವರ್ಷದಲ್ಲಿ ಒಬ್ಬರೂ ಬಿಟ್ಟು ಹೋಗಿಲ್ಲ. ಇವರೆಲ್ಲ ದೇವರ ಮಕ್ಕಳು, ತುಂಬಾ ನಿಯತ್ತು."

ನನಗೆ ತಮ್ಮ ನೆನಪಾದ. ಅವನೂ ಇಂಥದ್ದೇ ಒಂದು ಕಡೆ ಆರು ವರ್ಷ ಕವರ್ ಅಂಟಿಸಿದ. ಆರು ವರ್ಷ ಅದೊಂದೇ ಕೆಲಸ. ಆಮೇಲೆ ಗೆಳೆಯನೊಬ್ಬ ನೆಲಮಂಗಲದ ಕಡೆ ಗೋಡೌನ್‌ನಲ್ಲಿ ಪ್ಯಾಕಿಂಗ್ ಕೆಲಸ ಕೊಡಿಸಿದ. ಸಂಬಳ ಹೆಚ್ಚುಕಮ್ಮಿ ಎರಡರಷ್ಟು. ಹಳೇ ಜಾಗದವರು ಅಮ್ಮನಿಗೆ ಫೋನ್ ಮಾಡಿ "ಇಷ್ಟೆಲ್ಲ ಮಾಡಿದ್ದಕ್ಕೆ ಇದೇನಾ?" ಎಂದರು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾವು ಋಣ ಮರೆತವರೇನೋ ಎನ್ನುವ ಸಂಕಟ. ನಾನು ಎರಡು ಸಲ ಕಂಪನಿ ಬದಲಾಯಿಸಿದ್ದೇನೆ. ನಮ್ಮಮ್ಮನಿಗೆ ಯಾರೂ ಫೋನ್ ಮಾಡಲಿಲ್ಲ.

ಎರಡನೇ ಜಾಗ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ. ನಾನು ಒಳಗೆ ಹೋದಾಗ ಜೋರು ಜಗಳ ನಡೆಯುತ್ತಿತ್ತು. ಪೂರ್ತಿ ಕೈಯಲ್ಲಿ. ದೀಪಾವಳಿ ಆರ್ಡರ್‌ಗೆ ಭಾನುವಾರವೂ ಬನ್ನಿ ಎಂದಿದ್ದರಂತೆ. ಬರ್ತೀವಿ, ಆದರೆ ಡಬಲ್ ಕೊಡಿ, ಹೋದ ವರ್ಷದ್ದೇ ಬಾಕಿ ಇದೆ ಎಂದು ಒಬ್ಬಾಕೆ ವಾದಿಸುತ್ತಿದ್ದಳು. ಎದುರಿಗಿದ್ದ ಮೇಡಂ ಅಷ್ಟೇ ಚುರುಕಾಗಿ ಸನ್ನೆಯಲ್ಲೇ ಉತ್ತರ ಕೊಡುತ್ತಿದ್ದರು. ಗಾಲಿಕುರ್ಚಿಯಲ್ಲಿದ್ದ ಶಿಫ್ಟ್ ಇನ್‌ಚಾರ್ಜ್ ಮಧ್ಯೆ ಬಂದು ರಿಜಿಸ್ಟರ್ ತೆಗೆಸಿದರು. ಬಾಕಿ ಇದ್ದದ್ದು ನಿಜ. ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಮೇಲೆ ಬರೆದರು. ನಾನು ಬಂದಿದ್ದೇನೆ ಎಂದು ಯಾರೂ ಜಗಳ ನಿಲ್ಲಿಸಲಿಲ್ಲ. ಅಲ್ಲೇ ಒಂದು ಸ್ಟೂಲ್ ಎಳೆದುಕೊಂಡು ಕೂತೆ. ನನಗೆ ಕಣ್ಣು ತುಂಬಿ ಬಂತು.

ಅಲ್ಲಿ ಎಲ್ಲವೂ ಸರಿ ಇರಲಿಲ್ಲ. ಮಹಡಿಗೆ ರ‍್ಯಾಂಪ್ ಇಲ್ಲ, ಲಿಫ್ಟ್ ಕೆಟ್ಟರೆ ಆ ಇನ್‌ಚಾರ್ಜ್ ಕೆಳಗೇ ಕಾಯಬೇಕು. ಆದರೆ ಹೋದ ವರ್ಷ ಬಿಟ್ಟು ಹೋದವರು ಎಷ್ಟು ಎಂದು ಕೇಳಿದಾಗ ಮೇಡಂ ಮುಖ ಅರಳಿತು. ನಾಲ್ವರು ಬೇರೆ ಬೇರೆ ಕಡೆ ಒಳ್ಳೇ ಸಂಬಳಕ್ಕೆ ಸೇರಿದ್ದರು. ಅವರ ಫೋಟೊ ಮೊಬೈಲ್‌ನಲ್ಲಿ ಒಂದೊಂದಾಗಿ ತೋರಿಸಿದರು.

ಅಂಗವಿಕಲರೇ ಮುಂದೆ ನಿಂತು ನಡೆಸುವುದು ನಮ್ಮ ಬೆಂಗಳೂರಿಗೆ ಹೊಸದಲ್ಲ. ನಾವು ಬೆಳೆದ ಲಿಂಗರಾಜಪುರದಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಎಪಿಡಿ ಎಂಬ ಸಂಸ್ಥೆ ಇದೆ. 1959ರಲ್ಲಿ ಅದನ್ನು ಶುರು ಮಾಡಿದ ಎನ್.ಎಸ್. ಹೇಮಾ ಅವರು ಸ್ವತಃ ಅಂಗವಿಕಲರು. ತೀರ್ಮಾನ ಮಾಡುವ ಕುರ್ಚಿಯಲ್ಲಿ ಯಾರಿದ್ದಾರೆ ಎನ್ನುವುದು ನನಗೆ ಅದಕ್ಕೇ ಮುಖ್ಯ.

ಫಾರಂನಲ್ಲಿ ಅಂಕ ಹಾಕಲಿಲ್ಲ. ಎರಡೂ ಕಡೆ ಕಂಡದ್ದನ್ನು ಎರಡು ಪುಟ ಬರೆದೆ. ಮುಂದಿನ ಸಲ ಹೋಗುವವರು ಸನ್ನೆ ಭಾಷೆ ಬರುವವರನ್ನು ತಾವೇ ಕರೆದುಕೊಂಡು ಹೋಗಬೇಕು ಎಂದು ಕೆಂಪಿನಲ್ಲಿ ಗೆರೆ ಎಳೆದೆ. ಮೊದಲ ಸಂಸ್ಥೆಗೆ ಹಣ ನಿಲ್ಲಿಸಿ ಎನ್ನಲಿಲ್ಲ. ನಿಲ್ಲಿಸಿದರೆ ಮೊದಲು ಮನೆಗೆ ಹೋಗುವುದು ಆ ಹುಡುಗಿ. ಎಲ್ಲರನ್ನೂ ಸಂಬಳದ ಪಟ್ಟಿಗೆ ಸೇರಿಸಿ, ಪಿಎಫ್, ಇಎಸ್‌ಐ ಕಟ್ಟಿದರೆ ಮಾತ್ರ ಎರಡನೇ ಕಂತು ಎಂದು ಬರೆದೆ.

ಒಂದು ವಿಷಯ ಮಾತ್ರ ಆ ಪುಟಗಳಲ್ಲಿ ಇಲ್ಲ. ಅವತ್ತು ಗೇಟಿನ ತನಕ ಆ ಹುಡುಗಿ ನನ್ನ ಹಿಂದೆಯೇ ಬಂದಳು. ನನ್ನ ಐಡಿ ಕಾರ್ಡ್ ಮೇಲಿದ್ದ ಕಂಪನಿಯ ಹೆಸರಿನ ಮೇಲೆ ಬೆರಳಿಟ್ಟಳು. ಅಲ್ಲಿ ಕೆಲಸ ಇದೆಯಾ ಎಂದು ಕೇಳಿದಳು.

ನಮ್ಮಲ್ಲಿ ಸುಮಾರು ಇನ್ನೂರು ಜನ ಇದ್ದೇವೆ. ಕಿವಿ ಕೇಳದವರು ಒಬ್ಬರೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು. ಸೋಮವಾರ ಎಚ್‌ಆರ್ ಹತ್ತಿರ ಹೋಗಿ ನಮ್ಮದನ್ನು ತೋರಿಸಿ ಎಂದೆ. ಅವರು ಕಂಪ್ಯೂಟರ್‌ನಲ್ಲಿ ಬಹಳ ಹೊತ್ತು ಹುಡುಕಿದರು. ಪ್ಯಾಕಿಂಗ್ ವಿಭಾಗದಲ್ಲಿ ಎರಡು ಜಾಗ ಖಾಲಿ ಇದೆ. ಬರುವ ಬುಧವಾರ ಹತ್ತೂವರೆಗೆ ಅವಳ ಇಂಟರ್‌ವ್ಯೂ. ತಮ್ಮ ರಜೆ ಹಾಕಿ ಬರುತ್ತೇನೆ ಎಂದಿದ್ದಾನೆ. ಅವಳ ಮಾತನ್ನು ನಾನು ಬಾಯಲ್ಲಿ ಹೇಳುತ್ತೇನೆ, ಸರಿ ಹೇಳುತ್ತಿದ್ದೇನಾ ಎಂದು ಅವನು ಪಕ್ಕದಲ್ಲಿ ಕೂತು ನೋಡುತ್ತಾನೆ.