ಹಂಪಿಯಿಂದ ಮೂರೂವರೆ ಕಿಲೋಮೀಟರ್ ಅಂದಿತ್ತು ಆ್ಯಪ್, ನಡುವೆ ಹೊಳೆ ಇದೆ ಅನ್ನಲಿಲ್ಲ

ನಾವು ಮಂಡ್ಯದವರು. ಅಮ್ಮನಿಗೆ ಅಂಜನಾದ್ರಿ ಹತ್ತಬೇಕಿತ್ತು, ಹೆಂಡತಿಗೆ ಹಂಪಿ ನೋಡಬೇಕಿತ್ತು, ನನಗೆ ಜನಜಂಗುಳಿ ಇಲ್ಲದ ಕಡೆ ಮೂರು ದಿನ ಸುಮ್ನೆ ಬಿದ್ದುಕೊಳ್ಳಬೇಕಿತ್ತು. ಜನವರಿಯಲ್ಲಿ ಹೊರಟೆವು. ರೂಮ್ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಅಲ್ಲೇ ಎಡವಟ್ಟಾಯಿತು.

ಆ್ಯಪ್‌ನಲ್ಲಿ ‘ಹಂಪಿ’ ಅಂತ ಹಾಕಿದ ಕೂಡಲೇ ಎಲ್ಲಕ್ಕಿಂತ ಮೇಲೆ ಒಂದು ಕಾಟೇಜು ಬಂತು. ರಾತ್ರಿಗೆ 1,499 ರೂಪಾಯಿ. ಹಸಿರು ಗದ್ದೆ, ದುಂಡು ಬಂಡೆ, ತೂಗುಮಂಚದ ಫೋಟೊಗಳು. ಕೆಳಗೆ ಸಣ್ಣಗೆ, ವಿರೂಪಾಕ್ಷ ದೇವಸ್ಥಾನದಿಂದ 3.5 ಕಿ.ಮೀ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ಈ ದರಕ್ಕೆ ಒಂದೇ ರೂಮ್ ಉಳಿದಿದೆ’. ಕೈ ನಡುಗಿತು, ದುಡ್ಡು ಕಟ್ಟಿಬಿಟ್ಟೆ.

ಹೋಗಿ ನೋಡಿದರೆ ಎಂಟು ಕಾಟೇಜುಗಳಲ್ಲಿ ಐದು ಖಾಲಿ. ಹೀಗೆ ಸುಳ್ಳು ಅವಸರ ಹುಟ್ಟಿಸಬಾರದು ಅಂತ 2023ರ ನವೆಂಬರಿನಲ್ಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಇಂಥ ಹದಿಮೂರು ಕಣ್ಕಟ್ಟುಗಳ ಪಟ್ಟಿಯೇ ಅದರಲ್ಲಿದೆ. ನನಗೆ ಗೊತ್ತಾದದ್ದು ಊರಿಗೆ ವಾಪಸ್ ಬಂದ ಮೇಲೆ.

ಅದು ಬಿಡಿ, ದೂರದ ವಿಷಯಕ್ಕೆ ಬರೋಣ. ಕಾಟೇಜು ಇದ್ದದ್ದು ಸಾಣಾಪುರದ ಹತ್ತಿರ. ಅದು ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ಹಂಪಿ ಇರುವುದು ವಿಜಯನಗರ ಜಿಲ್ಲೆಯಲ್ಲಿ. ನಡುವೆ ತುಂಗಭದ್ರೆ. ಆ್ಯಪ್ ಅಳೆಯುವುದು ನಕ್ಷೆಯ ಮೇಲೆ ನೇರ ಗೆರೆ ಎಳೆದು. ಅದು ಕೊಕ್ಕರೆಗೆ ಸರಿ. ನಮ್ಮಂಥವರು ಆನೆಗೊಂದಿ, ಕಡೇಬಾಗಿಲು ಸೇತುವೆ, ಬುಕ್ಕಸಾಗರ, ಕಮಲಾಪುರ ಅಂತ ಸುತ್ತಿಕೊಂಡು ಹೋಗಬೇಕು. ಇಪ್ಪತ್ತು ಕಿಲೋಮೀಟರ್ ಮೀರುತ್ತದೆ. ಇಲ್ಲದಿದ್ದರೆ ಹಂಪಿ ಎದುರಿನ ನಡುಗಡ್ಡೆ, ವಿರೂಪಾಪುರ ಗಡ್ಡೆಗೆ ಹೋಗಿ ದೋಣಿ ಹಿಡಿಯಬೇಕು.

ಮೊದಲು ಈ ಗಡ್ಡೆಯ ಮೇಲೇ ರೆಸಾರ್ಟ್‌ಗಳಿದ್ದವು. ದೋಣಿ ಇಳಿದರೆ ರೂಮು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅವನ್ನು ಕೆಡವಿದರು. ಈಗ ಆ ವ್ಯಾಪಾರ ಸಾಣಾಪುರ, ಹನುಮನಹಳ್ಳಿ ಕಡೆ ಇದೆ. ಆದರೆ ಆ್ಯಪ್‌ನಲ್ಲಿ ಎಲ್ಲವೂ ‘ಹಂಪಿ’ಯೇ. ಮುಂಚೆ ಇಲ್ಲಿಗೆ ಬಂದುಹೋದವರ ಮಾತು ನಂಬಿಕೊಂಡು ‘ದೋಣಿ ಪಕ್ಕದಲ್ಲೇ’ ಅಂದುಕೊಳ್ಳಬೇಡಿ.

ನಾವು ಎರಡನೇ ದಿನ ದೋಣಿಯಲ್ಲೇ ಹೋದೆವು. ಹಂಪಿ ಬಗ್ಗೆ ನಾನು ಹೊಸದಾಗಿ ಬರೆಯುವಂಥದ್ದು ಏನೂ ಇಲ್ಲ, ಬಿಸಿಲಿತ್ತು, ಜನ ಇದ್ದರು. ಹೆಂಡತಿ ಹೇಮಕೂಟದ ಮೇಲೆ ಸೂರ್ಯಾಸ್ತ ನೋಡೋಣ ಅಂದಳು. ನೋಡಿದೆವು. ಕೆಳಗೆ ಇಳಿದು ಘಟ್ಟಕ್ಕೆ ಬಂದರೆ ದೋಣಿಯವರು ಕಟ್ಟಿಹಾಕಿ ಹೊರಟಿದ್ದರು. ಕತ್ತಲಾದ ಮೇಲೆ ದೋಣಿ ಬಿಡುವುದಿಲ್ಲ. ಸೂರ್ಯಾಸ್ತವೂ ಬೇಕು ದೋಣಿಯೂ ಬೇಕು ಅಂದರೆ ಆಗದು, ಇದನ್ನು ಯಾವ ಆ್ಯಪ್ ಹೇಳುತ್ತದೆ? ಆಟೋದವನು ಸಾವಿರದ ಇನ್ನೂರು ಕೇಳಿದ, ಸಾವಿರಕ್ಕೆ ಬಂದ. ಅವನ ಮೇಲೆ ಸಿಟ್ಟಿಲ್ಲ, ಖಾಲಿ ವಾಪಸ್ ಹೋಗಬೇಕಿತ್ತಲ್ಲ. ಮಳೆಗಾಲದಲ್ಲಂತೂ ಡ್ಯಾಮಿನಿಂದ ನೀರು ಬಿಟ್ಟರೆ ಹಗಲಲ್ಲೂ ದೋಣಿ ಬಂದ್.

ಇನ್ನು ಬಿಲ್ಲು. ಎರಡು ರಾತ್ರಿಗೆ 2,998 ಆಗಬೇಕು, ಅಲ್ವಾ? ಜಿಎಸ್‌ಟಿ ಶೇ 5 ಸೇರಿತು, 150. ಅದು ನ್ಯಾಯವೇ. 2025ರ ಸೆಪ್ಟೆಂಬರ್ ಕೊನೆಯಿಂದ 7,500 ರೂಪಾಯಿವರೆಗಿನ ರೂಮಿಗೆ ಶೇ 12 ಇದ್ದದ್ದು 5ಕ್ಕೆ ಇಳಿದಿದೆ. ಆಮೇಲೆ ‘ಸೇವಾ ಶುಲ್ಕ’ 180. ಆಮೇಲೆ ಪ್ರವಾಸ ವಿಮೆ 98. ವಿಮೆ ನಾನು ಕೇಳಿರಲಿಲ್ಲ, ಟಿಕ್ ಮೊದಲೇ ಬಿದ್ದಿತ್ತು. ಒಟ್ಟು 3,426. ಕೊನೆಯ ಪರದೆಯಲ್ಲಿ ಒಂದೊಂದು ಸಾಲನ್ನೂ ಓದಿ, ಕೆಳಗಿನ ದೊಡ್ಡ ಬಟನ್ ಕಡೆ ನೋಡಬೇಡಿ. ವಿಮೆಯ ದುಡ್ಡಿಗಾಗಿ ಊರಿಗೆ ಬಂದು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಹನ್ನೊಂದನೇ ದಿನ ವಾಪಸ್ ಬಂತು.

ಇನ್ನೊಂದು ತಪ್ಪು ನನ್ನದೇ. ಹುಡುಕುವಾಗ ಆ್ಯಪ್ ತಾನಾಗಿಯೇ ‘ಇಬ್ಬರು, ಒಂದು ರೂಮ್’ ಅಂತ ಹಾಕಿಕೊಂಡಿರುತ್ತದೆ. ನಾವು ಮೂವರು. ಅಮ್ಮನನ್ನು ಲೆಕ್ಕಕ್ಕೆ ಹಾಕಲು ಮರೆತಿದ್ದೆ. ಕೌಂಟರಿನಲ್ಲಿ ಹೆಚ್ಚುವರಿ ಹಾಸಿಗೆಗೆ ರಾತ್ರಿಗೆ 600 ಕೇಳಿದರು. ಅದಕ್ಕೂ ಮೊದಲು ಚೆಕ್‌ಇನ್ ರಗಳೆ. ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆಗೆ ಬೆಳಿಗ್ಗೆಯೇ ಬಿಡುತ್ತದೆ, ಚೆಕ್‌ಇನ್ ಇರುವುದು ಮಧ್ಯಾಹ್ನ ಒಂದಕ್ಕೆ. ಬೇಗ ರೂಮ್ ಕೊಡಲು ಮತ್ತೆ 500. ಅಮ್ಮ ಚೀಲದ ಮೇಲೆ ಕೂತು, ‘ನಿನ್ನ ಫೋನು ಇದನ್ನೆಲ್ಲ ಹೇಳಲಿಲ್ವಾ’ ಅಂದರು. ಹೇಳಿತ್ತು, ನಾನು ತೆರೆಯದ ‘ನಿಯಮಗಳು’ ಅನ್ನುವ ಜಾಗದಲ್ಲಿ.

ಅಂಜನಾದ್ರಿಗೆ ಹೋಗುವವರಿಗೆ ಮಾತ್ರ ಈ ದಡವೇ ಸರಿ, ಅದನ್ನು ಒಪ್ಪಬೇಕು. 575 ಮೆಟ್ಟಿಲು. ಅಮ್ಮ ಎರಡು ಕಡೆ ಕೂತರು, ನಾನು ಐದು ಕಡೆ. ಶನಿವಾರ ಬೇಡ.

ಮೂರನೇ ರಾತ್ರಿ ಆ್ಯಪ್ ಸಹವಾಸ ಬಿಟ್ಟು ಗಂಗಾವತಿಗೆ ಹೋದೆವು. ಬಸ್ ಸ್ಟ್ಯಾಂಡಿನಿಂದ ನಡೆಯುವ ದೂರದಲ್ಲಿ ಒಂದು ಲಾಡ್ಜು. ಆ್ಯಪ್‌ನಲ್ಲಿ ಅದೇ ರೂಮಿಗೆ 1,250 ತೋರಿಸುತ್ತಿತ್ತು. ಮ್ಯಾನೇಜರಿಗೆ ಫೋನ್ ತೋರಿಸಿದೆ. ‘ಅದ್ರಾಗ ನೂರಕ್ಕ ಇಪ್ಪತ್ತು ಅವ್ರಿಗೇ ಹೋಗ್ತೈತ್ರಿ. ನೀವು ಸಾವಿರ ಕೊಡ್ರಿ, ಮೂರು ಮಂದಿ ಇರ್ರಿ’ ಅಂದ. ಬಿಸಿನೀರು ಬಕೆಟ್ಟಿನಲ್ಲಿ ತಂದುಕೊಟ್ಟರು, ಬೆಡ್‌ಶೀಟು ಒಗೆದದ್ದಿತ್ತು. ಹಾಗಂತ ಎಲ್ಲ ಕಡೆ ಕೌಂಟರ್ ದರವೇ ಕಮ್ಮಿ ಅಂತ ಇಲ್ಲ. ಹೊಸಪೇಟೆಯಲ್ಲಿ ಒಂದು ಕಡೆ ಆ್ಯಪ್‌ಗಿಂತ ಮುನ್ನೂರು ಜಾಸ್ತಿ ಕೇಳಿದ್ದರು, ಅವರ ಎದುರೇ ನಿಂತು ಆ್ಯಪ್‌ನಲ್ಲಿ ಬುಕ್ ಮಾಡಬಹುದಿತ್ತು. ಭಕ್ತರು ಮಾಲೆ ಹಾಕಿ ಅಂಜನಾದ್ರಿಗೆ ಬರುವ ಹನುಮಮಾಲೆ ಸಮಯದಲ್ಲೋ ಉದ್ದನೆಯ ರಜೆಯಲ್ಲೋ ಹೋಗುವವರು ಖಾಲಿ ಕೈಯಲ್ಲಿ ಬರಬೇಡಿ. ಪೂರ್ತಿ ದುಡ್ಡು ವಾಪಸ್ ಬರುವ ಬುಕಿಂಗ್ ಒಂದು ಇಟ್ಟುಕೊಳ್ಳಿ, ಕೊನೇ ತಾರೀಖು ಗುರುತು ಹಾಕಿಕೊಳ್ಳಿ, ಆಮೇಲೆ ಫೋನ್ ಮಾಡಿ ಚೌಕಾಸಿ ಮಾಡಿ.

ಫೋನ್ ಮಾಡುವುದರಲ್ಲೂ ಒಂದು ಕಿತಾಪತಿ ಇದೆ. ನೆಟ್‌ನಲ್ಲಿ ಹೋಟೆಲ್ ಹೆಸರಿನ ಮುಂದೆ ಸಿಗುವ ನಂಬರ್ ಕೆಲವು ಸಲ ಹೋಟೆಲಿನದೇ ಆಗಿರುವುದಿಲ್ಲ, ಎಲ್ಲೋ ಕೂತ ಏಜೆಂಟನದು. ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ‘ನಿಮ್ಮ ಬಾಗಿಲಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತೆ?’ ಅಲ್ಲೇ ಇರುವವನು ತಟ್ಟನೆ ಬ್ಯಾಂಕು, ಬೇವಿನ ಮರ ಅಂತ ಹೇಳುತ್ತಾನೆ. ಏಜೆಂಟ್ ‘ಸರ್, ಬುಕಿಂಗ್ ಐಡಿ ಹೇಳಿ’ ಅನ್ನುತ್ತಾನೆ. ಹಂಪಿ ಕಡೆಯಾದರೆ ಎರಡನೇ ಪ್ರಶ್ನೆ, ಹೊಳೆಯ ಯಾವ ದಡ?

ರಿವ್ಯೂ ಓದುವುದಾದರೆ ‘ಹೊಸದು ಮೊದಲು’ ಅಂತ ಹಾಕಿಕೊಂಡು ಓದಿ. ಹೋಟೆಲಿನವರು ಹಾಕಿದ ಫೋಟೊ ಬೇಡ, ಉಳಿದುಕೊಂಡವರು ಹಾಕಿದ ಬಾತ್‌ರೂಮ್ ಫೋಟೊ ನೋಡಿ. ನಮ್ಮ ಕಾಟೇಜಿನ ತೂಗುಮಂಚ ಹರಿದುಹೋಗಿತ್ತು ಅಂತ ಮೂರು ಜನ ಬರೆದಿದ್ದರು, ನಾನು ನೋಡಿರಲಿಲ್ಲ.

ಗಂಗಾವತಿಯಲ್ಲಿ ಬೆಳಿಗ್ಗೆ ಮಾತ್ರ ಮರೆಯುವಂತಿಲ್ಲ. ಲಾಡ್ಜಿನ ಹುಡುಗ ‘ಒಗ್ಗರಣಿ ತಿಂತೀರೇನ್ರಿ’ ಅಂದ. ಒಗ್ಗರಣೆಯನ್ನು ಹೇಗೆ ತಿನ್ನುವುದು ಅಂತ ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆ ಅದನ್ನು ಸಾರಿಗೆ ಹಾಕುತ್ತೇವೆ. ಕರೆದುಕೊಂಡು ಹೋದದ್ದು ತಗಡಿನ ಶೀಟಿನ ಕೆಳಗೆ, ಬೋರ್ಡಿಲ್ಲದ ಅಂಗಡಿಗೆ. ಮಂಡಕ್ಕಿಯನ್ನು ನೀರಿಗೆ ಅದ್ದಿ, ಗಟ್ಟಿಯಾಗಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಅರಿಶಿನ ಬಾಡಿಸಿದ ಎಣ್ಣೆಗೆ ಸುರಿದು ಎರಡೇ ತಿರುವು. ಮೇಲೆ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಹಿಟ್ಟು. ಪಕ್ಕದಲ್ಲಿ ಎರಡು ಮಿರ್ಚಿ ಬಜ್ಜಿ, ಕಡಾಯಿಯಿಂದ ಆಗ ತಾನೇ ಎದ್ದದ್ದು. ಮಂಡಕ್ಕಿ ಮೆತ್ತಗಾಗಿದೆ, ಆದರೆ ಮುದ್ದೆಯಾಗಿಲ್ಲ. ಅದು ಹೇಗೆ ಅಂತ ಹೆಂಡತಿ ಒಲೆಯ ಪಕ್ಕಕ್ಕೇ ಹೋಗಿ ನಿಂತು ನೋಡಿದಳು, ಮನೆಯಲ್ಲಿ ಮೂರು ಸಲ ಮಾಡಿದಳು, ಬರಲಿಲ್ಲ. ಹಿಂಡುವ ಕೈಯಲ್ಲಿದೆ ಗುಟ್ಟು. ಮೂವರೂ ಹೊಟ್ಟೆ ತುಂಬ ತಿಂದು, ಚಹಾ ಕುಡಿದು ಕೊಟ್ಟದ್ದು 160 ರೂಪಾಯಿ. ಆ ‘ಸೇವಾ ಶುಲ್ಕ’ಕ್ಕಿಂತ ಇಪ್ಪತ್ತು ಕಮ್ಮಿ. ಆ್ಯಪ್‌ನಲ್ಲಿ ಹುಡುಕಿದರೆ ಈ ಅಂಗಡಿ ಸಿಗುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ, ಒಂಬತ್ತರ ಒಳಗೆ ಹೋಗಿ. ನಾವು ತಿಂದು ಎದ್ದಾಗ ಹತ್ತಾಗಿತ್ತು, ಹಿಂದೆ ನಿಂತವರಿಗೆ ಮಿರ್ಚಿ ಮುಗಿದಿತ್ತು.